ಎಲಿಫೆಂಟಾಕ್ಕೆ ಹೊರಟಿದ್ದೀರಾ? ಘಾರಾಪುರಿಯಲ್ಲಿ ಒಂದು ದಿನ ಹಾಳಾಗದಿರಲು

ಮುಂಬೈ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಜುಹೂ, ಕೊನೆಗೆ ಗೇಟ್‌ವೇ ಆಫ್ ಇಂಡಿಯಾ. ಗೇಟ್‌ವೇ ಹತ್ತಿರ ನಿಂತಾಗ ಎದುರಿಗೆ ದೋಣಿಗಳು ಕಾಣುತ್ತವೆ. "ಇಷ್ಟು ದೂರ ಬಂದಿದ್ದೇವೆ, ಎಲಿಫೆಂಟಾನೂ ನೋಡಿಬಿಡೋಣ" ಅಂತ ಯಾರಾದರೂ ಹೇಳುತ್ತಾರೆ. ಎಲಿಫೆಂಟಾ ಅಂದರೆ ಶಿವನ ಗುಹೆಗಳಿರುವ ದ್ವೀಪ, ಅದರದ್ದೇ ಇನ್ನೊಂದು ಹೆಸರು ಘಾರಾಪುರಿ. ಮಧ್ಯಾಹ್ನ ಎರಡು ಗಂಟೆಗೆ ಎಲ್ಲರೂ ದೋಣಿ ಹತ್ತುತ್ತಾರೆ.

ನನ್ನ ಪ್ರಕಾರ ದೊಡ್ಡ ತಪ್ಪು ಇದೇ. ಉಳಿದ ಮುಕ್ಕಾಲು ತಪ್ಪುಗಳು ಇದರಿಂದಲೇ ಹುಟ್ಟುತ್ತವೆ. ಲೆಕ್ಕ ಹಾಕಿ ನೋಡಿ. ದೋಣಿ ಪ್ರಯಾಣ ಸುಮಾರು ಒಂದು ಗಂಟೆ. ಇಳಿದ ಮೇಲೆ ಉದ್ದನೆಯ ಜೆಟ್ಟಿ, ಆಮೇಲೆ ಮೆಟ್ಟಿಲು, ಟಿಕೆಟ್ ಸಾಲು. ಗುಹೆ ಮುಟ್ಟುವಾಗ ಮೂರೂವರೆ ದಾಟಿರುತ್ತದೆ. ಕೊನೆಯ ದೋಣಿ ಸಂಜೆ ಐದು, ಐದೂವರೆ ಹೊತ್ತಿಗೆ ಹೊರಡುತ್ತದೆ. ಅಂದರೆ ಒಂದೂವರೆ ಸಾವಿರ ವರ್ಷ ಹಳೆಯ ಶಿಲ್ಪಗಳ ಮುಂದೆ ನಿಲ್ಲಲು ಸಿಗುವುದು ಮುಕ್ಕಾಲು ಗಂಟೆ. ಅದರಲ್ಲೂ ಅರ್ಧ ಹೊತ್ತು ಸೆಲ್ಫಿಗೆ ಹೋಗುತ್ತದೆ.

ಘಾರಾಪುರಿಯನ್ನು ಬೇರೆ ಜಾಗಗಳ ಜೊತೆ ಸೇರಿಸಬೇಡಿ. ಅದಕ್ಕೆ ಅಂತಲೇ ಒಂದು ದಿನ ಇಡಿ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತು ಒಪ್ಪಿಕೊಂಡವರಿಗೆ.

ದಿನ ಆರಿಸುವುದು

ಸೋಮವಾರ ಗುಹೆ ಮುಚ್ಚಿರುತ್ತದೆ. ಇದು ಗೊತ್ತಿಲ್ಲದೆ ಹೋಗುವವರು ಇವತ್ತಿಗೂ ಇದ್ದಾರೆ. ಸೋಮವಾರ ಶಿವನ ವಾರ, ಅವತ್ತೇ ಹೋಗೋಣ ಅಂತ ಹಿರಿಯರು ಹೇಳುವುದು ನಮ್ಮ ಮನೆಗಳಲ್ಲಿ ಸಹಜ ತಾನೇ? ಮೊದಲೇ ಹೇಳಿಬಿಡಿ.

ಶನಿವಾರ, ಭಾನುವಾರ ಜನ ಜಾಸ್ತಿ. ಭಾನುವಾರಕ್ಕೆ ಇನ್ನೊಂದು ತೊಂದರೆ ಇದೆ. ಲೋಕಲ್ ರೈಲಿನ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಅಂತ ಕೆಲವು ಗಂಟೆ ರೈಲು ನಿಲ್ಲಿಸುವುದು) ಸಾಮಾನ್ಯವಾಗಿ ಅವತ್ತೇ ಇರುತ್ತದೆ. ಡೊಂಬಿವಲಿ, ಥಾಣೆ, ನವಿ ಮುಂಬೈ ಕಡೆಯಿಂದ ಹೊರಡುವವರು ಹಿಂದಿನ ದಿನವೇ ಯಾವ ಲೈನಿನಲ್ಲಿ ಬ್ಲಾಕ್ ಅಂತ ನೋಡಿಕೊಳ್ಳಿ. ಆಗುವುದಾದರೆ ಮಂಗಳವಾರದಿಂದ ಶುಕ್ರವಾರದೊಳಗೆ ಹೋಗಿ. ಮಹಾಶಿವರಾತ್ರಿಯ ದಿನ ಭಕ್ತಿಯಿಂದ ಹೋಗುವವರ ಮಾತು ಬೇರೆ. ಶಿಲ್ಪ ನೋಡಬೇಕು ಅನ್ನುವವರು ಅವತ್ತು ಹೋಗಬೇಡಿ.

ನವೆಂಬರ್‌ನಿಂದ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಕಷ್ಟ. ಜೂನ್‌ನಿಂದ ಆಗಸ್ಟ್ ತನಕ ದ್ವೀಪ ಹಸಿರಾಗಿ ತುಂಬಾ ಚೆಂದ ಕಾಣುತ್ತದೆ, ಆದರೆ ಆಗ ಸಮುದ್ರದ ಮಾತೇ ನಡೆಯುವುದು. ಗಾಳಿ ಎದ್ದರೆ ದೋಣಿ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ಜಗಳ ಮಾಡಬೇಡಿ. ಖಾಸಗಿ ದೋಣಿ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಅವರ ಹಿಂದೆಯೂ ಹೋಗಬೇಡಿ. ನೀವು ಒಂದು ದಿನದ ಅತಿಥಿ. ದಿನವೂ ಆ ನೀರಿನ ಮೇಲೆ ಓಡಾಡುವವರು ಬೇಡ ಅಂದರೆ ಬೇಡ.

ಊರಿಂದ ಬೆಳಿಗ್ಗೆ ರೈಲಿಳಿದು ಅದೇ ದಿನ ದ್ವೀಪಕ್ಕೆ ಹೊರಡುವುದೂ ಒಳ್ಳೆಯದಲ್ಲ. ರಾತ್ರಿಯ ನಿದ್ದೆ ಸರಿಯಾಗಿರುವುದಿಲ್ಲ, ಹೊಟ್ಟೆಯೂ ಸರಿ ಇರುವುದಿಲ್ಲ, ಮೇಲೆ ದೋಣಿಯ ಓಲಾಟ. ಹಾಗೆಯೇ ಅವತ್ತು ಸಂಜೆಗೆ ವಾಪಸು ರೈಲು ಬುಕ್ ಮಾಡಬೇಡಿ. ದೋಣಿ ಅರ್ಧ ಗಂಟೆ ತಡವಾದರೆ ಮುಂಬೈ ಟ್ರಾಫಿಕ್ ಅದನ್ನು ಒಂದೂವರೆ ಗಂಟೆ ಮಾಡುತ್ತದೆ.

ಗೇಟ್‌ವೇಯಲ್ಲಿ

ಬೆಳಗಿನ ಮೊದಲ ದೋಣಿಗಳು ಒಂಬತ್ತರ ಹೊತ್ತಿಗೆ ಹೊರಡುತ್ತವೆ. ಅಷ್ಟು ಹೊತ್ತಿಗೆ ನೀವು ಅಲ್ಲಿರಬೇಕು. ಚರ್ಚ್‌ಗೇಟ್ ಅಥವಾ ಸಿಎಸ್‌ಎಂಟಿಯಲ್ಲಿ ಇಳಿದರೆ ಟ್ಯಾಕ್ಸಿ, ಬಸ್ಸು ಎರಡೂ ಸಿಗುತ್ತವೆ. ತಿಂಡಿ ಮನೆಯಲ್ಲೇ ಮುಗಿಸಿ. ಇಲ್ಲದಿದ್ದರೆ ಫೋರ್ಟ್ ಕಡೆಯ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಬನ್ನಿ. ಹೊಟ್ಟೆ ತುಂಬಾ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಬರಬೇಡಿ. ದೋಣಿಗೆ ಎರಡೂ ಆಗುವುದಿಲ್ಲ.

ಗೇಟ್‌ವೇ ಆವರಣದೊಳಗೆ ಹೋಗಲು ತಪಾಸಣೆ ಇದೆ. ದೊಡ್ಡ ಸೂಟ್‌ಕೇಸು, ಗಂಟುಮೂಟೆ ತರಬೇಡಿ. ಒಬ್ಬರಿಗೆ ಒಂದು ಹೆಗಲ ಚೀಲ ಸಾಕು.

ಟಿಕೆಟ್ ವಿಷಯದಲ್ಲಿ ಮೋಸ ಹೋಗುವವರು ಬಹಳ. ಇಲ್ಲಿಂದ ಮೂರು ಬಗೆಯ ಪ್ರಯಾಣ ಹೊರಡುತ್ತದೆ. ಎಲಿಫೆಂಟಾಕ್ಕೆ ಹೋಗುವುದು ಒಂದು. ಅಲಿಬಾಗ್ ಕಡೆಯ ಮಾಂಡ್ವಾಕ್ಕೆ ಹೋಗುವುದು ಇನ್ನೊಂದು. ಬಂದರಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿಸಿ ವಾಪಸು ಬಿಡುವುದು ಮೂರನೆಯದು. ರಸ್ತೆಯಲ್ಲೇ ಕೈಹಿಡಿದು ಕರೆಯುವವರು ಹೆಚ್ಚಾಗಿ ಈ ಮೂರನೆಯದನ್ನೇ ಮಾರುತ್ತಾರೆ. ಕೌಂಟರಿಗೆ ಹೋಗಿ, "ಘಾರಾಪುರಿ, ಹೋಗಿ ಬರುವುದಕ್ಕೆ" ಅಂತ ಸ್ಪಷ್ಟವಾಗಿ ಕೇಳಿ. ಮರಾಠಿ ಬರುವವರು ಮರಾಠಿಯಲ್ಲೇ ಕೇಳಿ, ಬೇಗ ಕೆಲಸ ಆಗುತ್ತದೆ. ಕೊಟ್ಟ ಚೀಟಿಯನ್ನು ಪರ್ಸಿನೊಳಗೆ ಜೋಪಾನವಾಗಿಡಿ, ಬರುವಾಗ ತೋರಿಸಬೇಕು. ಮಕ್ಕಳ ಕೈಗೆ ಕೊಟ್ಟರೆ ಅದು ಗಾಳಿಗೆ ಹಾರಿ ನೀರು ಪಾಲಾಗುತ್ತದೆ.

ಹಗಲಿಡೀ ಓಡಾಟ ಇರುವುದರಿಂದ ಶೌಚದ ಕೆಲಸ ಇಲ್ಲೇ ಮುಗಿಸಿ. ದೋಣಿಯಲ್ಲಿ ಆ ಅನುಕೂಲವನ್ನು ನಂಬಿಕೊಳ್ಳಬೇಡಿ.

ದೋಣಿ ಹತ್ತುವಾಗ, ಕೂತ ಮೇಲೆ

ಜೆಟ್ಟಿಯಲ್ಲಿ ದೋಣಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ನಿಮ್ಮ ದೋಣಿ ಎರಡನೆಯದೋ ಮೂರನೆಯದೋ ಆಗಿದ್ದರೆ ಉಳಿದವುಗಳ ಮೇಲಿಂದ ದಾಟಿ ಹೋಗಬೇಕು. ಎರಡು ದೋಣಿಗಳ ನಡುವಿನ ಸಂದು ಅಲೆಗೆ ಕಿರಿದಾಗುತ್ತದೆ, ಅಗಲವಾಗುತ್ತದೆ. ಅಲ್ಲಿ ಅವಸರ ಬೇಡ. ಕೆಲಸದ ಹುಡುಗರು ಕೈ ಚಾಚುತ್ತಾರೆ, ಸಂಕೋಚಪಡದೆ ಹಿಡಿದುಕೊಳ್ಳಿ. ಎತ್ತರ ಹಿಮ್ಮಡಿಯ ಚಪ್ಪಲಿ, ಜಾರುವ ಚಪ್ಪಲಿ ಬೇಡ. ಸೀರೆ ಉಟ್ಟವರು ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ಎತ್ತಿಕೊಂಡು ದಾಟುವ ಅಪ್ಪಂದಿರು ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿರುವುದನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಲೈಫ್ ಜಾಕೆಟ್ ಹಾಕಿಕೊಳ್ಳಿ. ಇದರಲ್ಲಿ ಚರ್ಚೆ ಬೇಡ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ್ ಎಂಬ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ ಡಿಕ್ಕಿ ಹೊಡೆಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ದೋಣಿ ಹತ್ತಿದ ಪ್ರಯಾಣಿಕರೇ. ಅದಾದ ಮೇಲೆ ಗೇಟ್‌ವೇಯಿಂದ ಹೊರಡುವವರಿಗೆ ಜಾಕೆಟ್ ಕಡ್ಡಾಯ ಮಾಡಿದರು. ಸೆಕೆ ಆಗುತ್ತದೆ, ಫೋಟೋ ಚೆನ್ನಾಗಿ ಬರುವುದಿಲ್ಲ ಅಂತ ಬಿಚ್ಚಿ ಪಕ್ಕಕ್ಕಿಡುವವರು ಇದ್ದಾರೆ. ಕಟ್ಟಿಕೊಳ್ಳದ ಜಾಕೆಟ್ ಇದ್ದೂ ಇಲ್ಲದ ಹಾಗೆ. ಮಕ್ಕಳಿಗೆ ಅಳತೆಯದ್ದು ಕೇಳಿ ಪಡೆಯಿರಿ. ಕೊಡದಿದ್ದರೆ ಮುಂದಿನ ದೋಣಿಗೆ ಕಾಯಿರಿ.

ಮೇಲಿನ ಅಂತಸ್ತಿಗೆ ಬೇರೆ ದುಡ್ಡು ಕೇಳುತ್ತಾರೆ. ಗಾಳಿ, ನೋಟ ಎರಡೂ ಅಲ್ಲಿ ಚೆನ್ನ. ಆದರೆ ಹೊಟ್ಟೆ ತೊಳೆಸುವವರು ಕೆಳಗೆ ಮಧ್ಯದಲ್ಲಿ ಕೂತು ದೂರದ ದಡ ನೋಡುತ್ತಿರಬೇಕು. ಓಲಾಟ ಅಲ್ಲಿ ಕಡಿಮೆ.

ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿಯ ಹಿಂದೆಯೇ ಹಾರಿ ಬರುತ್ತವೆ. ಜನ ಚಿಪ್ಸು, ಗಾಠಿಯಾ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಎಷ್ಟೋ ದೂರದಿಂದ ಹಾರಿ ಬಂದ ಹಕ್ಕಿಗೆ ಕರಿದ ಕಡಲೆಹಿಟ್ಟು ಆಹಾರವಲ್ಲ. ಬಂದರಿನಲ್ಲಿ ನೌಕಾಪಡೆಯ ಹಡಗುಗಳು, ಎಣ್ಣೆ ಇಳಿಸುವ ಜವಾಹರ್ ದ್ವೀಪ ಕಾಣುತ್ತವೆ. ಅಂಥ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಇಳಿದ ಮೇಲೆ

ದ್ವೀಪದ ಸುತ್ತ ಆಳ ಕಡಿಮೆ, ಬರೀ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅದಕ್ಕೇ ಜೆಟ್ಟಿ ಅಷ್ಟು ಉದ್ದ. ಪುಟ್ಟ ರೈಲೊಂದು ಓಡುತ್ತದೆ. ಮಕ್ಕಳಿಗೆ ಖುಷಿ, ಮಂಡಿನೋವಿನವರಿಗೆ ಅನುಕೂಲ. ಉಳಿದವರು ನಡೆಯಬಹುದು. ರೈಲಿನ ಸಾಲಿನಲ್ಲಿ ನಿಂತು ಬೆಳಗಿನ ತಂಪು ಹೊತ್ತನ್ನು ಕಳೆಯಬೇಡಿ.

ಆಮೇಲೆ ಸುಮಾರು 120 ಮೆಟ್ಟಿಲು. ಎರಡೂ ಕಡೆ ಅಂಗಡಿ, ಮೇಲೆ ಟಾರ್ಪಾಲಿನ ನೆರಳು. ಹತ್ತುವಾಗಲೇ ವ್ಯಾಪಾರಕ್ಕೆ ನಿಲ್ಲಬೇಡಿ. ಕೊಂಡದ್ದನ್ನೆಲ್ಲ ಹೊತ್ತುಕೊಂಡು ಗುಹೆ ಸುತ್ತಬೇಕಾಗುತ್ತದೆ. ಇಳಿಯುವಾಗ ಕೊಳ್ಳಿ. ವಯಸ್ಸಾದ ಅತ್ತೆಯೋ ಚಿಕ್ಕಮ್ಮನೋ ಜೊತೆಗಿದ್ದರೆ ಕುರ್ಚಿಯಲ್ಲಿ ಹೊತ್ತು ಒಯ್ಯುವವರು ಸಿಗುತ್ತಾರೆ. ಹೋಗಿ ಬರುವುದಕ್ಕೆ ಸೇರಿಸಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ ಚೌಕಾಸಿ ಮಾಡುವುದು ಅವರಿಗೂ ಬೇಸರ, ನಿಮಗೂ ಬೇಸರ.

ಮಂಗಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಆದರೂ ದಿನಕ್ಕೆ ಎಷ್ಟೋ ಚೀಲ ಹೋಗುತ್ತವೆ. ಅವುಗಳಿಗೆ ಪ್ಲಾಸ್ಟಿಕ್ ಚೀಲ ಕಂಡರೆ ಅದರೊಳಗೆ ತಿಂಡಿ ಇದೆ ಅಂತ ಗೊತ್ತು. ಬಾಟಲಿ, ಬಾಳೆಹಣ್ಣು, ಐಸ್‌ಕ್ರೀಂ ಕೈಯಲ್ಲಿ ಹಿಡಿದು ನಡೆಯಬೇಡಿ. ಚಿತ್ರಾನ್ನ, ಚಪಾತಿ ತಂದಿದ್ದರೆ ಸ್ಟೀಲ್ ಡಬ್ಬಿಯಲ್ಲಿ, ಜಿಪ್ ಇರುವ ಚೀಲದೊಳಗೆ ಇರಲಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ರೇಬೀಸ್ ಚುಚ್ಚುಮದ್ದು ಬೇಕಾಗುತ್ತದೆ. ಹಲ್ಲು ಬಿಟ್ಟ ಮಂಗ ನಗುತ್ತಿಲ್ಲ, ಹೆದರಿಸುತ್ತಿದೆ ಅಂತ ಮಕ್ಕಳಿಗೆ ಹೇಳಿಕೊಡಿ.

ಗುಹೆಯ ಪ್ರವೇಶಕ್ಕೆ ಪುರಾತತ್ವ ಇಲಾಖೆಯ ಬೇರೆ ಟಿಕೆಟ್ ಇದೆ, ಭಾರತೀಯರಿಗೆ 40 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಗ್ರಾಮ ಪಂಚಾಯಿತಿಯೂ ಸಣ್ಣ ಮೊತ್ತ ವಸೂಲಿ ಮಾಡುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ.

ಗುಹೆಯೊಳಗೆ

ಇಲ್ಲಿ ನಿಧಾನವಾಗಬೇಕು. ಬಹಳ ಜನ ಬಾಗಿಲಿನಿಂದ ನೇರ ತ್ರಿಮೂರ್ತಿಯ ಮುಂದೆ ಹೋಗಿ, ಬೆನ್ನು ತಿರುಗಿಸಿ ಫೋಟೋ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. "ಎಲ್ಲ ಒಡೆದುಹೋಗಿದೆ, ಏನಿದೆ ನೋಡೋಕೆ" ಅನ್ನುತ್ತಾರೆ. ನಿಂತು ನೋಡಿದವರು ಹಾಗೆ ಹೇಳಲಾರರು.

ಒಳಗೆ ಬಂದ ಕೂಡಲೇ ಎರಡು ನಿಮಿಷ ಸುಮ್ಮನೆ ನಿಲ್ಲಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಹೊಂದಬೇಕು. ಇದು ಕಟ್ಟಿದ್ದಲ್ಲ, ಕಪ್ಪು ಬಸಾಲ್ಟ್ ಬಂಡೆಯನ್ನು ಕೊರೆದು ಮಾಡಿದ್ದು. ಕಂಬಗಳನ್ನು ತಂದು ನಿಲ್ಲಿಸಿಲ್ಲ, ಸುತ್ತಲಿನ ಕಲ್ಲು ತೆಗೆದು ಉಳಿಸಿದ್ದಾರೆ. ಕೆಲಸ ನಡೆದದ್ದು ಆರನೇ ಶತಮಾನದ ನಡುಭಾಗದಲ್ಲಿ ಅಂತ ವಿದ್ವಾಂಸರ ಅಂದಾಜು. ಅಂದರೆ ನಮ್ಮ ಬಾದಾಮಿ ಗುಹೆಗಳ ಕಾಲದ ಆಸುಪಾಸು. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಇಲ್ಲಿಯೂ ಒಂದು ಶಾಸನದ ಕಲ್ಲು ಇತ್ತು. ಪೋರ್ಚುಗೀಸರು ಅದನ್ನು ತೆಗೆದುಕೊಂಡು ಹೋದರು, ಆಮೇಲೆ ಅದು ಸಿಗಲೇ ಇಲ್ಲ. ಅದಕ್ಕೇ ಮಾಡಿಸಿದ ರಾಜ ಯಾರು ಅಂತ ಖಚಿತವಾಗಿ ಹೇಳಲು ಆಗುತ್ತಿಲ್ಲ. ಕಲಚುರಿಗಳು ಅನ್ನುವವರೇ ಜಾಸ್ತಿ.

ಬಾದಾಮಿ ನೋಡಿದವರಿಗೆ ಇಲ್ಲಿ ಒಂದು ಹೆಚ್ಚಿನ ಸಂತೋಷ ಇದೆ. ಬಾದಾಮಿಯ ಒಂದನೇ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜ ಇದ್ದಾನಲ್ಲ, ಅವನನ್ನು ನೆನಪಿಟ್ಟುಕೊಂಡು ಇಲ್ಲಿ ಉತ್ತರದ ಬಾಗಿಲಿನ ಬಲಗಡೆಯ ನಟರಾಜನ ಮುಂದೆ ನಿಲ್ಲಿ. ಕೈಕಾಲು ಬಹುಪಾಲು ಹೋಗಿವೆ. ಆದರೂ ಸೊಂಟದ ತಿರುವು ನೋಡಿದರೆ ಕುಣಿತ ನಿಂತಿಲ್ಲ ಅನ್ನಿಸುತ್ತದೆ. ಎದುರಿನ ಎಡಗಡೆಯಲ್ಲಿ ತಾವರೆಯ ಮೇಲೆ ಕೂತ ಯೋಗಿ ಶಿವ. ಒಂದು ಕಡೆ ಕುಣಿತ, ಇನ್ನೊಂದು ಕಡೆ ಧ್ಯಾನ. ನಡುವೆ ನೀವು.

ಅಲ್ಲಿಂದ ಬಲಕ್ಕೆ ನಡೆದರೆ ಲಿಂಗದ ಕೋಣೆ. ನಾಲ್ಕು ಕಡೆಗೂ ಬಾಗಿಲು, ಒಂದೊಂದು ಬಾಗಿಲಿಗೆ ಇಬ್ಬರಂತೆ ಎತ್ತರದ ದ್ವಾರಪಾಲಕರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ. ಪಕ್ಕದಲ್ಲೇ ಅಂಧಕಾಸುರನನ್ನು ಕೊಲ್ಲುವ ಶಿವ. ಸಿಟ್ಟಿನ ಮುಖ ಕಲ್ಲಿನಲ್ಲಿ ಹೀಗೂ ಮೂಡುತ್ತದಾ ಅನ್ನಿಸುವ ಶಿಲ್ಪ.

ನನಗೆ ತುಂಬಾ ಇಷ್ಟವಾದದ್ದು ಮದುವೆಯ ಫಲಕ. ಪಾರ್ವತಿ ಶಿವನ ಬಲಕ್ಕೆ ನಿಂತಿದ್ದಾಳೆ, ತಲೆ ಸ್ವಲ್ಪ ತಗ್ಗಿದೆ. ಹಿಂದಿನಿಂದ ಅವಳನ್ನು ಮೆಲ್ಲಗೆ ಮುಂದಕ್ಕೆ ಬಿಡುತ್ತಿರುವವರು ತಂದೆ ಹಿಮವಂತ. ಧಾರೆಯ ಹೊತ್ತಿನಲ್ಲಿ ಹೆಣ್ಣುಮಗಳ ತಂದೆಯನ್ನು ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಇದನ್ನು ನೋಡದೆ ದಾಟಿ ಹೋಗುವವರೇ ಜಾಸ್ತಿ. ನಿಮ್ಮ ಜೊತೆ ಬಂದ ಹಿರಿಯರನ್ನು ಇಲ್ಲಿ ಕರೆತಂದು ತೋರಿಸಿ.

ಕೊನೆಗೆ ದಕ್ಷಿಣದ ಗೋಡೆ. ಜನ ತ್ರಿಮೂರ್ತಿ ಅನ್ನುತ್ತಾರೆ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಮಕ್ಕಳಿಗೆ ಹೇಳುವವರೂ ಇದ್ದಾರೆ. ಅದು ಸರಿಯಲ್ಲ. ಮೂರೂ ಮುಖ ಶಿವನದೇ, ಇದು ಸದಾಶಿವ. ನಡುವೆ ಶಾಂತವಾದದ್ದು ತತ್ಪುರುಷ. ನಿಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ ಅಘೋರ. ಬಲಕ್ಕೆ ಹೆಣ್ಣಿನ ಕೋಮಲ ಮುಖ ವಾಮದೇವ. ಇಪ್ಪತ್ತು ಅಡಿಯ ಹತ್ತಿರದ ಎತ್ತರ. ತೀರಾ ಹತ್ತಿರ ಹೋಗಬೇಡಿ, ನಾಲ್ಕೈದು ಕಂಬ ಹಿಂದೆ ಬಂದು ನಿಂತು ನೋಡಿ. ಎಡಗಡೆ ನಂದಿಗೆ ಒರಗಿದ ಅರ್ಧನಾರೀಶ್ವರ, ಬಲಗಡೆ ಗಂಗೆಯನ್ನು ತಲೆಯ ಮೇಲೆ ಹೊತ್ತ ಗಂಗಾಧರ. ಮೂರನ್ನೂ ಒಟ್ಟಿಗೆ ನೋಡಬೇಕು.

ಮುಟ್ಟಬೇಡಿ. ಕುಂಕುಮ ಹಚ್ಚಬೇಡಿ. ಫ್ಲಾಶ್ ಬೇಡ. ಹೆಸರು ಗೀಚುವವರನ್ನು ಕಂಡರೆ ಹೇಳಿ ತಡೆಯಿರಿ. ಪೋರ್ಚುಗೀಸ್ ಸೈನಿಕರು ಇಲ್ಲಿ ಗುಂಡು ಹಾರಿಸಿದರು ಅಂತ ನಾವು ಬೇಸರಪಡುತ್ತೇವೆ. ಕೀಲಿಕೈಯಿಂದ ಕಂಬದ ಮೇಲೆ ಹೃದಯದ ಚಿತ್ರ ಕೊರೆಯುವ ನಮ್ಮ ಹುಡುಗರದ್ದೂ ಅದೇ ಹಾನಿ. 1987ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಹೊರಡುವ ಮುಂಚೆ ಕನ್ನಡಿಗರಿಗೆ ಇನ್ನೊಂದು ಸಂಗತಿ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ಇದೆಯಲ್ಲ, ಅದರಲ್ಲಿ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮದಗಜಗಳಂಥ ನೂರಾರು ಹಡಗುಗಳಿಂದ ಮುತ್ತಿದ ಎಂದಿದೆ. ಆ ಪುರಿ ಈ ಘಾರಾಪುರಿಯೇ ಅನ್ನುವ ವಿದ್ವಾಂಸರಿದ್ದಾರೆ, ಜಂಜಿರಾ ಹತ್ತಿರದ ರಾಜಪುರಿ ಅನ್ನುವವರೂ ಇದ್ದಾರೆ. ಯಾವುದೇ ಆಗಲಿ, ಈ ಕಡಲಿಗೆ ಬಾದಾಮಿಯ ಹಡಗುಗಳು ಬಂದಿದ್ದವು ಅಂತ ಮಕ್ಕಳಿಗೆ ಇಲ್ಲಿ ನಿಂತು ಹೇಳಿದರೆ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ನಾಟುತ್ತದೆ.

ಉಳಿದ ಗುಹೆಗಳು ಅರ್ಧಂಬರ್ಧ ಆದವು. ಸಮಯ ಇದ್ದರೆ ನೋಡಿ. ಕಾಲಲ್ಲಿ ಬಲ ಇರುವವರು ಮೇಲಿನ ಕ್ಯಾನನ್ ಹಿಲ್ ತನಕ ಹೋಗಬಹುದು. ಅಲ್ಲಿ ಹಳೆಯ ಫಿರಂಗಿಗಳಿವೆ, ಬಂದರಿನ ನೋಟ ಇದೆ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಹತ್ತುವ ಜಾಗ ಅದಲ್ಲ.

ಇದು ಊರು ಕೂಡ

ದ್ವೀಪದಲ್ಲಿ ಮೂರು ಹಳ್ಳಿಗಳಿವೆ. ಶೇತ್ ಬಂದರ್, ರಾಜ್ ಬಂದರ್, ಮೋರಾ ಬಂದರ್. ಆಡಳಿತದ ಲೆಕ್ಕದಲ್ಲಿ ಇದು ಮುಂಬೈ ಅಲ್ಲ, ರಾಯಗಡ ಜಿಲ್ಲೆಯ ಉರಣ್ ತಾಲೂಕು. ತಾಜ್ ಹೋಟೆಲಿನ ದೀಪಗಳು ಎದುರಿಗೆ ಕಾಣುವ ಈ ಊರಿಗೆ ಕರೆಂಟು ಪೂರ್ತಿಯಾಗಿ ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದಡಿ ಏಳೂವರೆ ಕಿಲೋಮೀಟರ್ ಕೇಬಲ್ ಹಾಕಿದ ಮೇಲೆ. ಅದಕ್ಕೂ ಮೊದಲು ಜನರೇಟರಿನಲ್ಲಿ ಸಂಜೆ ಕೆಲವು ಗಂಟೆ ಮಾತ್ರ. ಇದನ್ನು ತಿಳಿದುಕೊಂಡು ಹೋದರೆ ಅಂಗಡಿಯಲ್ಲಿ ನೀರಿನ ಬಾಟಲಿಗೆ ಐದು ರೂಪಾಯಿ ಜಾಸ್ತಿ ಕೇಳಿದಾಗ ಜಗಳ ಬರುವುದಿಲ್ಲ. ಅಲ್ಲಿರುವುದೆಲ್ಲ ದೋಣಿಯಲ್ಲಿ ಬಂದು, ತಲೆಹೊರೆಯಲ್ಲಿ ಮೇಲೆ ಹತ್ತಬೇಕು. ಕುಡಿಯುವ ನೀರು ಮನೆಯಿಂದಲೇ ತನ್ನಿ. ಖಾಲಿ ಬಾಟಲಿ, ತಟ್ಟೆ, ಚೀಲ ಎಲ್ಲ ವಾಪಸು ಮುಂಬೈಗೆ ತನ್ನಿ.

ತಾಮ್ರದ ಕೊಡ ಹೊತ್ತು ನಿಂತ ಹೆಂಗಸರ ಫೋಟೋ ತೆಗೆದರೆ ದುಡ್ಡು ಕೇಳುತ್ತಾರೆ. ಅದು ಅವರ ದುಡಿಮೆ. ಕೊಡುವ ಮನಸ್ಸಿಲ್ಲದಿದ್ದರೆ ತೆಗೆಯಬೇಡಿ. ಹಳ್ಳಿಯೊಳಗೆ ಹೋಗುವುದಾದರೆ ಅಂಗಳಕ್ಕೆ ಕ್ಯಾಮೆರಾ ತಿರುಗಿಸುವ ಮುಂಚೆ ಕೇಳಿ. ಕಾಂಡ್ಲಾ ಗಿಡಗಳ ಕಡೆ ನೀರಿಗಿಳಿಯಬೇಡಿ. ಅಲ್ಲಿ ಈಜುವ ಮರಳ ದಡ ಇಲ್ಲ, ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ.

ವಾಪಸು

ರಾತ್ರಿ ಉಳಿಯಲು ಪ್ರವಾಸಿಗರಿಗೆ ಅವಕಾಶ ಇಲ್ಲ. ಹಾಗಾಗಿ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಇಳಿದ ಕೂಡಲೇ ಜೆಟ್ಟಿಯಲ್ಲೇ ಕೇಳಿಕೊಳ್ಳಿ. ಆ ದೋಣಿಯ ಮೇಲೆ ಲೆಕ್ಕ ಇಡಬೇಡಿ, ಅದಕ್ಕಿಂತ ಎರಡು ದೋಣಿ ಮುಂಚೆ ಹೊರಡಿ. ಕೊನೆಯ ಹೊತ್ತಿನಲ್ಲಿ ನೂಕುನುಗ್ಗಲು ಜೋರು. ಬೆಳಿಗ್ಗೆ ಒಂಬತ್ತಕ್ಕೆ ಬಂದವರು ಎರಡು, ಎರಡೂವರೆಗೆ ಆರಾಮಾಗಿ ಹೊರಡಬಹುದು.

ಮಕ್ಕಳು "ಆನೆ ಎಲ್ಲಿ" ಅಂತ ಖಂಡಿತ ಕೇಳುತ್ತಾರೆ. ದ್ವೀಪಕ್ಕೆ ಪೋರ್ಚುಗೀಸರು ಆ ಹೆಸರಿಟ್ಟದ್ದು ಇಲ್ಲಿದ್ದ ಕಲ್ಲಿನ ಆನೆಯಿಂದ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಅದು ಒಡೆಯಿತು. ಆಮೇಲೆ ತುಂಡುಗಳನ್ನು ಜೋಡಿಸಿದರು. ಈಗ ಅದು ಬೈಕಲಾದಲ್ಲಿ, ರಾಣಿಬಾಗ್ ಪಕ್ಕದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಆವರಣದಲ್ಲಿದೆ. ಮರುದಿನ ಬಿಡುವಿದ್ದರೆ ಕರೆದುಕೊಂಡು ಹೋಗಿ. ಬೈಕಲಾ ಸ್ಟೇಷನ್ನಿನಿಂದ ಹತ್ತಿರ. ಬುಧವಾರ ಮಾತ್ರ ಬೇಡ, ಅವತ್ತು ರಜೆ.